‘ರಿವೈವ್’ ಮಾಡೋದು ಅಂದ್ರೆ ಏನೇನು?

ಇವತ್ತು ಒಂದೇ ಒಂದು ಇಂಗ್ಲಿಷ್ ಕ್ರಿಯಾಪದ ಹಿಡ್ಕೊಂಡು ಬಂದಿದ್ದೀನಿ. ಬಿಜಿಎಂಐ ಆಡೋರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ‘ನಾಕ್ ಆಗಿದೀನಿ, ಬೇಗ ಬಂದು ರಿವೈವ್ ಮಾಡೋ’ ಅಂತ ಹೆಡ್‌ಫೋನ್ ಹಾಕ್ಕೊಂಡು ಕೂಗಾಡಿರ್ತೀರಿ. ಅದೇ ರಿವೈವ್.

ಲ್ಯಾಟಿನ್ ಭಾಷೆಯಲ್ಲಿ ‘ವಿವೆರೆ’ ಅಂದ್ರೆ ಬದುಕೋದು, ‘ರೆ’ ಅಂದ್ರೆ ಮತ್ತೆ. ಎರಡೂ ಸೇರಿ ಮತ್ತೆ ಬದುಕೋದು. ಸರ್ವೈವ್, ವಿವಿಡ್ ಎಲ್ಲ ಅದೇ ಮನೆಯ ಮಕ್ಕಳು. ನಾವು ಸಂಸ್ಕೃತದಿಂದ ತಗೊಂಡಿರೋ ‘ಜೀವ’ ಕೂಡ ಇವರ ದೂರದ ನೆಂಟ. ಇಂಗ್ಲಿಷಿನ ‘ಕ್ವಿಕ್’ ಸಹ! ಹಳೆಯ ಇಂಗ್ಲಿಷಿನಲ್ಲಿ ಕ್ವಿಕ್ ಅಂದ್ರೆ ಬೇಗ ಅಂತಲ್ಲ, ಜೀವ ಇರೋದು ಅಂತ.

ಆದರೆ ರಿವೈವ್ ಆಗೋಕೆ ಸಾಯಲೇಬೇಕು ಅಂತೇನಿಲ್ಲ. ಗೇಮ್‌ನಲ್ಲೂ ನೋಡಿ, ನೆಲಕ್ಕೆ ಬಿದ್ದು ತೆವಳ್ತಿರೋನನ್ನ ತಾನೇ ರಿವೈವ್ ಮಾಡೋದು? ಇಂಗ್ಲಿಷಿಗೆ ಒಂದೇ ಪದ ಸಾಕು. ಕನ್ನಡ ಹಾಗಲ್ಲ, ಬಿದ್ದಿರೋದು ಯಾರು ಅಂತ ಮೊದಲು ಕೇಳುತ್ತೆ. ತಲೆ ಸುತ್ತಿ ಬಿದ್ದವನು ‘ಚೇತರಿಸಿಕೊಂಡ’. ಬಾಡಿದ ಗಿಡ ‘ಚಿಗುರಿತು’. ಹಳೇ ನಾಟಕ ‘ಮತ್ತೆ ರಂಗಕ್ಕೆ ಬಂತು’.

ಕೋರ್ಟಿನಲ್ಲಂತೂ ಬೇರೆಯೇ ಕಥೆ. 2015ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಂಗ ನೇಮಕಾತಿ ಆಯೋಗದ ಕಾನೂನನ್ನ ರದ್ದು ಮಾಡಿತು. ಹೊಸದು ಬಿದ್ದುಹೋದ ಮೇಲೆ ಹಳೆಯ ಕೊಲಿಜಿಯಂ ಪದ್ಧತಿ ತಾನಾಗೇ ಎದ್ದು ಕೂತಿತು. ವಕೀಲರು ಇದನ್ನೂ ರಿವೈವ್ ಅಂತಾರೆ. ಇಲ್ಲಿ ಯಾರೂ ಯಾರ ಮುಖಕ್ಕೂ ನೀರು ಚಿಮುಕಿಸಿಲ್ಲ.

ಇನ್ನು ನಮ್ಮ ಬೆಂಗಳೂರಿನ ಕೆರೆಗಳು. ‘ಲೇಕ್ ರಿವೈವಲ್’ ಅನ್ನೋ ಬೋರ್ಡ್ ಕಂಡರೆ ನಂಗೆ ಸ್ವಲ್ಪ ಅನುಮಾನ. ಹೂಳೆತ್ತಿ, ಸುತ್ತ ವಾಕಿಂಗ್ ಪಾತ್ ಹಾಕಿ, ಗೇಟ್ ಇಟ್ಟು, ಚರಂಡಿ ನೀರು ಮಾತ್ರ ಹಾಗೇ ಒಳಗೆ ಬರ್ತಿದ್ರೆ ಅದು ಮೇಕಪ್ ಅಷ್ಟೇ. ರಾಜಕಾಲುವೆ ಸರಿ ಮಾಡದೆ ಕೆರೆಗೆ ಜೀವ ಬರಲ್ಲ.

ಈಗ ಈ ಪದದ ಅರ್ಥ ತಪ್ಪಿದರೆ ನಿಜವಾಗ್ಲೂ ಕಷ್ಟ ಆಗೋ ಜಾಗಕ್ಕೆ ಬರೋಣ: ಆಸ್ಪತ್ರೆ. ಅಲ್ಲಿ ಇದರ ಜೊತೆಗೆ ‘ರಿಸಸಿಟೇಟ್’ ಅಂತ ಇನ್ನೊಂದು ಪದ ಇದೆ. ಸಿಪಿಆರ್‌ನಲ್ಲಿರೋ ‘ಆರ್’ ಅದೇ. ‘ರಿಸಸಿಟೇಶನ್ ಮಾಡ್ತಿದ್ದೀವಿ’ ಅಂತ ಡಾಕ್ಟರ್ ಹೇಳಿದ್ರೆ ಅದು ಪ್ರಯತ್ನದ ಮಾತು, ಫಲಿತಾಂಶ ಅಲ್ಲ. ಹೊರಗೆ ಕಾಯ್ತಾ ನಿಂತಿರೋ ಮನೆಯವರಿಗೆ ಮಾತ್ರ ‘ಬದುಕಿಸ್ತಿದ್ದಾರೆ’ ಅಂತ ಕೇಳಿಸುತ್ತೆ. ಆಮೇಲೆ ಕೆಟ್ಟ ಸುದ್ದಿ ಬಂದಾಗ, ‘ಆಗಲೇ ಬದುಕಿಸ್ತಿದ್ದೀವಿ ಅಂದ್ರಲ್ಲ’ ಅನ್ನೋ ಜಗಳ. ಯಾರಾದರೂ ಅಲ್ಲೇ ನಿಂತು ಸರಳ ಕನ್ನಡದಲ್ಲಿ, ‘ಹೃದಯ ನಿಂತಿದೆ, ಮತ್ತೆ ಬಡಿಯೋ ಹಾಗೆ ಮಾಡೋಕೆ ನೋಡ್ತಿದ್ದೀವಿ, ಆಗದೇನೂ ಇರಬಹುದು’ ಅಂತ ಹೇಳಬೇಕು.

ನಮ್ಮ ಮೀಡಿಯಾದವರದ್ದು ಇದಕ್ಕೆ ಉಲ್ಟಾ. ಹೃದಯ ನಿಂತು ಮತ್ತೆ ಶುರುವಾದರೆ ‘ಸತ್ತವನು ಎದ್ದು ಬಂದ, ಪವಾಡ!’ ಅಂತ ಹೆಡ್‌ಲೈನ್. ನಂಗೆ ಈ ‘ಪವಾಡ’ದ ಮೇಲೆ ಸಿಟ್ಟಿದೆ. ಪವಾಡ ಅಂದ ಕೂಡಲೇ ಜನ ಕೈಕಟ್ಟಿ ನೋಡ್ತಾರೆ, ಇಲ್ಲಾ ಮೊಬೈಲ್ ತೆಗೆದು ವಿಡಿಯೋ ಮಾಡ್ತಾರೆ. ಇದು ಪವಾಡ ಅಲ್ಲ, ಕೈಕೆಲಸ. ಎದೆ ತೆರೆಯದೆ ಹೊರಗಿನಿಂದಲೇ ಒತ್ತಿ ರಕ್ತ ಓಡಿಸಬಹುದು ಅಂತ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವನ್, ಜೂಡ್, ನಿಕರ್‌ಬಾಕರ್ 1960ರಲ್ಲೇ ಪ್ರಕಟಿಸಿದ್ರು. ರಕ್ತ ನಿಂತರೆ ಮಿದುಳಿಗೆ ಇರೋದು ಕೆಲವೇ ನಿಮಿಷ, ಆಂಬುಲೆನ್ಸ್ ಟ್ರಾಫಿಕ್‌ನಲ್ಲಿರುತ್ತೆ. ಹಾಗಾಗಿ ಆ ಕೆಲಸ ಪಕ್ಕದಲ್ಲಿ ಇರೋರದ್ದೇ.

ದೊಡ್ಡವರು ಯಾರಾದರೂ ದಿಢೀರ್ ಕುಸಿದುಬಿದ್ದು, ಕರೆದರೆ ಓಗೊಡದೆ, ಉಸಿರು ಸರಿಯಾಗಿ ಆಡದೆ ಇದ್ದರೆ 108ಕ್ಕೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿ. ಅಂಗೈ ಬುಡವನ್ನ ಎದೆ ಮಧ್ಯೆ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲ ಎದೆ ಪೂರ್ತಿ ಮೇಲೇಳೋಕೆ ಬಿಡಿ. ಸುಸ್ತಾದರೆ ಪಕ್ಕದವರನ್ನ ಕರೆದು ಕೈ ಬದಲಿಸಿ, ಆಂಬುಲೆನ್ಸ್ ಬರೋವರೆಗೂ ನಿಲ್ಲಿಸಬೇಡಿ.