ಹನ್ನೆರಡು ಮಾರು ಹಗ್ಗ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಸಂಸಾರಕ್ಕೆ ಇದು ಒಳ್ಳೆಯ ಮಾತು. ಆದರೆ ಹಗ್ಗ ಹಿಡಿದು ಆಳಕ್ಕೆ ಇಳಿಯುವವನಿಗೆ ಈ ಗಾದೆಯಿಂದ ಪ್ರಯೋಜನವಿಲ್ಲ. ನಮ್ಮ ಹಗ್ಗ ಗಿಡ್ಡವೆಂದು ಬಾವಿ ತನ್ನ ಆಳವನ್ನು ಕಡಿಮೆ ಮಾಡಿಕೊಳ್ಳುವುದಿಲ್ಲ, ಜಲಪಾತವೂ ಮಾಡಿಕೊಳ್ಳುವುದಿಲ್ಲ.

ಈಚೆಗೆ ನಮ್ಮ ನೆರೆಮನೆಯ ತರುಣನೊಬ್ಬ ಗೆಳೆಯರೊಡನೆ ಘಟ್ಟದ ಕಡೆಗೆ ಹೊರಟು ನಿಂತಿದ್ದ. ಹೊಳೆಯ ಜಾಡನ್ನೇ ಹಿಡಿದು, ನೀರು ಧುಮುಕುವಲ್ಲೆಲ್ಲ ತಾವೂ ಹಗ್ಗದಿಂದ ಇಳಿಯುತ್ತ, ಕೊರಕಲನ್ನು ತುದಿಯಿಂದ ಬುಡದವರೆಗೆ ದಾಟುವ ಸಾಹಸ ಅದು. ಅಂಗಳದಲ್ಲಿ ನೈಲಾನ್ ಹಗ್ಗದ ಸುರುಳಿಯೊಂದು ಬಿದ್ದಿತ್ತು. ಗೆಳೆಯನಿಂದ ಎರವಲು ತಂದದ್ದಂತೆ.

"ಎಷ್ಟು ಉದ್ದವಿದೆ?" ಎಂದು ಕೇಳಿದೆ.

"60 ಮೀಟರ್, ಮಾಮ."

"ಅಳೆದು ನೋಡಿದ್ದೀಯಾ?"

"ಅಳೆಯುವುದೇಕೆ? ಚೀಟಿಯಲ್ಲೇ ಬರೆದಿದೆಯಲ್ಲ" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಕದ್ರಿ ಗುಡ್ಡದ ಮೇಲಿನ ನಮ್ಮ ಹಳೆಯ ಮನೆಯ ಬಾವಿಕಟ್ಟೆ ಕಣ್ಣಮುಂದೆ ಬಂದು ನಿಂತಿತು.

ತುಂಬೆಯ ಅಣೆಕಟ್ಟಿನಿಂದ ನೇತ್ರಾವತಿಯ ನೀರು ನಲ್ಲಿಯಲ್ಲಿ ಹರಿದುಬರುವ ಇಂದಿನ ಮಂಗಳೂರಿನಲ್ಲಿ, ತಮ್ಮ ನೀರು ಎಷ್ಟು ಆಳದಲ್ಲಿದೆಯೆಂಬುದು ಮಕ್ಕಳಿಗೆ ತಿಳಿಯದು. ನಮ್ಮ ತಾಯಿಗೆ ಅದು ದಿನವೂ ತಿಳಿಯುತ್ತಿತ್ತು. ಆಟಿಯ ಮಳೆಗೆ ನೀರು ಮೇಲೇರಿದಾಗ ಬಳ್ಳಿಯ ಬಹುಪಾಲು ಕಟ್ಟೆಯ ಮೇಲೆಯೇ ಸುರುಳಿಯಾಗಿ ಉಳಿಯುತ್ತಿತ್ತು. ಪಗ್ಗು ತಿಂಗಳು ಬಂತೆಂದರೆ ಸುರುಳಿ ಕರಗಿ, ರಾಟೆಯ ಕೆಳಗೆ ಅವರು ಬಗ್ಗಿ ನಿಲ್ಲಬೇಕಾಗುತ್ತಿತ್ತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ಇದು. ಆದರೂ ನಮ್ಮ ಮುರಕಲ್ಲು ಜಾಲರಿಯಂತೆ ತೂತುಮಯ. ಕುಡಿದ ನೀರನ್ನು ಬಹುಕಾಲ ಹಿಡಿದಿಡದು. ಹೀಗಾಗಿ ಒಂದೇ ಬಾವಿಗೆ ವರ್ಷದಲ್ಲಿ ಹಲವು ಆಳ.

ಬಾವಿಯ ಕೆಸರೆತ್ತುವುದು ಆ ಬೇಸಗೆಯ ಕೊನೆಯಲ್ಲಿಯೇ. ನನಗಾಗ ಹದಿಮೂರು ವರ್ಷ. ದೊಡ್ಡಪ್ಪ ಆರಡಿ ಎತ್ತರದ ಆಳು. ಬಾವಿ ಹತ್ತು ಮಾರು, ತೆಂಗಿನ ಮರಕ್ಕೆ ಬಿಗಿಯಲು ಎರಡು ಮಾರು ಎಂದು ಲೆಕ್ಕ ಹೇಳಿ, "ಹೊಸ ಹಗ್ಗದ ಸುರುಳಿಯಿಂದ ಹನ್ನೆರಡು ಮಾರು ಅಳೆದು ಕತ್ತರಿಸಿಡು" ಎಂದು ನನಗೆ ಆಜ್ಞಾಪಿಸಿದರು. ದೊಡ್ಡವರ ಕೆಲಸ ಸಿಕ್ಕಿದ ಹೆಮ್ಮೆಯಿಂದ ನಾನು ಎರಡೂ ಕೈಗಳನ್ನು ಅಗಲಿಸಿ, ಒಂದೂ ತಪ್ಪದಂತೆ ಹನ್ನೆರಡು ಎಣಿಸಿದೆ, ಕತ್ತರಿಸಿದೆ.

ಬಾವಿ ಕೆಲಸದ ಹಿರಿಯರು ಹಗ್ಗವನ್ನು ಜಗ್ಗಿ ನೋಡಿದರು, ತುದಿಗೊಂದು ದಪ್ಪ ಗಂಟು ಹಾಕಿದರು, ಇಳಿದರು. ಮೇಲೆ ಮುರಕಲ್ಲಿನ ಗೋಡೆಯಲ್ಲಿ ಕಾಲಿಡಲು ಗುಳಿಗಳಿದ್ದವು. ಆದರೆ ನಮ್ಮ ಕಡೆ ಮುರಕಲ್ಲಿನ ಕೆಳಗೆ ಶೇಡಿಮಣ್ಣು ಬರುತ್ತದೆ. ಅಲ್ಲಿ ಗುಳಿಯಿಲ್ಲ, ಕಾಲೂರಿದರೆ ಜಾರುತ್ತದೆ. ಹಗ್ಗವನ್ನುಳಿದು ಬೇರೆ ಆಧಾರವೇ ಇಲ್ಲ. ಸರಿಯಾಗಿ ಆ ಜಾಗದಲ್ಲಿ ನನ್ನ ಹಗ್ಗ ಮುಗಿಯಿತು. ಕೆಳಗಿನಿಂದ ಕೂಗು ಕೇಳಿತು: "ಬುಡ ಸಿಗುವುದಿಲ್ಲ!"

ಪಾದಕ್ಕೆ ಗಂಟು ತಾಗಿದ್ದರಿಂದ ಅವರು ನಿಂತರು. ಇಲ್ಲವಾದರೆ ಕತ್ತಲಲ್ಲಿ ಹಗ್ಗ ಕೈಜಾರಿ, ಕೆಳಗೆ ಮೊಣಕಾಲುದ್ದದ ನೀರಿನಲ್ಲಿದ್ದ ಕಲ್ಲುಗಳ ಮೇಲೆ ಬೀಳುತ್ತಿದ್ದರು. ದೊಡ್ಡಪ್ಪ ಕೊಡಪಾನದ ಬಳ್ಳಿಯನ್ನು ಬಿಚ್ಚಿ ಇಳಿಬಿಟ್ಟರು. ಅದನ್ನು ಸೊಂಟಕ್ಕೆ ಬಿಗಿದುಕೊಂಡ ಹಿರಿಯರನ್ನು ನಾಲ್ವರು ಸೇರಿ ಎಳೆದುಕೊಂಡರು. ಮೇಲೆ ಬಂದು, ಉಸಿರು ತಂದುಕೊಂಡು, ಹಗ್ಗವನ್ನು ತಮ್ಮ ಕೈಯಿಂದ ಒಮ್ಮೆ ಅಳೆದರು. ಬೈಯಲಿಲ್ಲ. ನನ್ನನ್ನು ನೋಡಿ ತುಳುವಿನಲ್ಲಿ ಇಷ್ಟೇ ಕೇಳಿದರು: "ಇದು ಯಾರ ಮಾರು?"

ದೊಡ್ಡಪ್ಪನ ಮಾರು ಆರಡಿ. ನನ್ನದು ಐದಡಿಗೂ ಕಡಿಮೆ. ಹನ್ನೆರಡು ಮಾರಿನಲ್ಲಿ ಹನ್ನೆರಡು ಅಡಿಗೂ ಮಿಕ್ಕಿ ಕೊರತೆ, ಎಂದರೆ ಎರಡಾಳು ಆಳ. ಎಣಿಕೆ ತಪ್ಪಿರಲಿಲ್ಲ, ಅಳತೆ ತಪ್ಪಿತ್ತು.

ಈ ಕಥೆಯನ್ನು ಆ ತರುಣನಿಗೆ ಹೇಳಿದೆ. ಇಬ್ಬರೂ ಅಂಗಳದಲ್ಲಿ ಟೇಪು ಹಿಡಿದು ಅವನ ಹಗ್ಗವನ್ನು ಅಳೆದೆವು. 57 ಮೀಟರ್ ಇತ್ತು! ಯಾರೂ ಮೋಸ ಮಾಡಿರಲಿಲ್ಲ. ನೈಲಾನ್ ಹಗ್ಗ ಮತ್ತೆ ಮತ್ತೆ ನೆನೆದು ಒಣಗಿದರೆ ಕುಗ್ಗುತ್ತದೆ. ಚೀಟಿಯ ಮೇಲಿನ ಅಂಕಿ ಮಾತ್ರ ಕುಗ್ಗುವುದಿಲ್ಲ.

ಮೂರು ಮೀಟರಿನ ಮಾತೇನು ಮಹಾ ಎಂದು ನಿಮಗನ್ನಿಸಬಹುದು. ಕೊರಕಲಿನ ಲೆಕ್ಕ ಬಾವಿಯದಕ್ಕಿಂತ ಕಠಿಣವಾದುದು. ಅಲ್ಲಿ ಹಗ್ಗವನ್ನು ಮೇಲೆ ಬಿಟ್ಟುಬರುವಂತಿಲ್ಲ. ಮರಕ್ಕೋ ಬಂಡೆಗೆ ಬಿಗಿದ ಬಳೆಗೋ ತೂರಿಸಿ ಎರಡೂ ಎಳೆಗಳನ್ನು ಕೆಳಗಿಳಿಸುತ್ತಾರೆ. ಎಲ್ಲರೂ ಇಳಿದಾದ ಮೇಲೆ ಒಂದೆಳೆಯನ್ನು ಸೆಳೆದು ಹಗ್ಗವನ್ನು ತಮ್ಮ ಬಳಿಗೆ ತಂದುಕೊಂಡು ಮುಂದೆ ಹೋಗುತ್ತಾರೆ. ಹೀಗಾಗಿ 60 ಮೀಟರ್ ಹಗ್ಗದಿಂದ ಇಳಿಯಬಹುದಾದದ್ದು 30 ಮೀಟರ್ ಮಾತ್ರ. ನಮ್ಮ ಜೋಗದ ಎತ್ತರ 253 ಮೀಟರ್. ಅಂಥ ಹಗ್ಗವೊಂದನ್ನೇ ನಂಬಿದವನಿಗೆ ಅದು ಒಂಬತ್ತು ಇಳಿತಗಳ ದಾರಿ. ಇನ್ನೊಂದು ಮಾತು: ಹಗ್ಗವನ್ನು ಒಮ್ಮೆ ಸೆಳೆದುಕೊಂಡರೆ ಹಿಂದಕ್ಕೆ ಹತ್ತುವ ದಾರಿ ಮುಚ್ಚಿತು. ಆದುದರಿಂದ ಲೆಕ್ಕ ಹಾಕಬೇಕಾದುದು ಎದುರಿಗೆ ಕಾಣುವ ಮೊದಲ ಇಳಿತಕ್ಕಲ್ಲ. ಮುಂದೆ ಎಲ್ಲೋ ಕಾದು ಕುಳಿತಿರುವ ಅತಿ ದೊಡ್ಡ ಇಳಿತಕ್ಕೆ. ಹಗ್ಗ ಸಂದಿಯಲ್ಲಿ ಸಿಕ್ಕಿಬಿದ್ದರೆ ಎಂದು ಇನ್ನೊಂದು ಹಗ್ಗವೂ ಜೊತೆಗಿರಬೇಕು. ನಮ್ಮ ಮನೆಯಲ್ಲಿ ಕೊಡಪಾನದ ಬಳ್ಳಿ ಮಾಡಿದ ಕೆಲಸ ಅದೇ.

ಹಾಗಾದರೆ ಉದ್ದ ಹೆಚ್ಚಾದಷ್ಟೂ ಕ್ಷೇಮವೇ? ಅದೂ ಅಲ್ಲ. ಇಳಿತದ ಬುಡದಲ್ಲಿ ಸುಳಿ ತಿರುಗುವ ಮಡುವಿದ್ದರೆ, ಮಿಕ್ಕ ಹಗ್ಗ ನೀರಿನಲ್ಲಿ ತೇಲಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಈಜಬೇಕಾದವನನ್ನು ಕಟ್ಟಿಹಾಕುತ್ತದೆ. ಬಾವಿಯಲ್ಲಿ ಪ್ರಾಣ ಉಳಿಸಿದ ತುದಿಗಂಟು, ಹರಿಯುವ ನೀರಿನಲ್ಲಿ ಬಂಡೆಗಳ ನಡುವೆ ಸಿಕ್ಕಿಕೊಂಡು ಪ್ರಾಣಕ್ಕೆ ಎರವಾದೀತು. ಅಲ್ಲಿ ಹಗ್ಗದ ತುದಿ ನೀರನ್ನು ಮುಟ್ಟಿದರೆ ಸಾಕು. ಆ ನೀರಿನ ಮಟ್ಟವೋ, ನಮ್ಮ ಬಾವಿಯದರಂತೆಯೇ, ಹೋದ ಸಲ ಕಂಡಷ್ಟಿರುವುದಿಲ್ಲ.

ತರುಣ ಎಲ್ಲವನ್ನೂ ಕೇಳಿ, ಹಳೆಯ ಚೀಟಿಯನ್ನು ಕಿತ್ತು, 57 ಎಂದು ಬರೆದು ಅಂಟಿಸಿದ. ಹೊರಡುವುದನ್ನು ಎರಡು ದಿನ ಮುಂದೂಡಿ, ಇನ್ನೊಂದು ಹಗ್ಗವನ್ನೂ ಹೊಂದಿಸಿಕೊಂಡ. ಮರುದಿನ ಅದನ್ನು ಹೊತ್ತು ತಂದವನು ನನ್ನ ಅಂಗಳದಲ್ಲಿಯೇ ಇಳಿಸಿದ.

"ಮಾಮ, ಟೇಪು ಎಲ್ಲಿ?" ಎಂದ.