ಶೀಲ, ಕುಶಲತೆ, ದುಡಿಮೆ: ನಮ್ಮ ಯುವಕರಿಗೆ ಮೂರೂ ಬೇಕು

(ಎಂ.ಕೆ. ಹುಬ್ಬಳ್ಳಿಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)





ಇಂಥ ಸಭೆಗಳಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಚಪ್ಪಾಳೆ ತಟ್ಟುತ್ತೇವೆ. ತಟ್ಟಲೇಬೇಕು. ಮೆಡಿಕಲ್ ಸೀಟು ಸಿಕ್ಕ ಮಗು, ಇಂಜಿನಿಯರಿಂಗ್ ಓದುವ ಮಗು ನಮ್ಮೆಲ್ಲರ ಹೆಮ್ಮೆ. ಆದರೆ ಇವತ್ತು ನಾವು ಮಾತಾಡಬೇಕೆಂದಿರುವುದು ಈ ಸಭೆಗೆ ಬಾರದ ಮಕ್ಕಳ ಬಗ್ಗೆ. ಎಸ್ಸೆಸ್ಸೆಲ್ಸಿಯಲ್ಲಿ ಸಾಧಾರಣ ಅಂಕ ತೆಗೆದವರು, ಒಂದು ವಿಷಯದಲ್ಲಿ ಉಳಿದವರು, ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಕೈಗೆ ಗ್ರೀಸು ಹಚ್ಚಿಕೊಂಡ ಹುಡುಗರು, ಮನೆಯಲ್ಲಿ ಕುಳಿತು ಬ್ಲೌಸು ಹೊಲಿಯುವ ಹೆಣ್ಣುಮಕ್ಕಳು. ಇವರು ತಾವು ವಿದ್ಯಾರ್ಥಿವೇತನಕ್ಕೆ ತಕ್ಕವರಲ್ಲ ಎಂದುಕೊಂಡು ಅರ್ಜಿಯನ್ನೇ ಹಾಕುವುದಿಲ್ಲ. ಅಂಥವರಿಗೂ ಇಲ್ಲಿ ಜಾಗ ಇರಬೇಕು ಎಂಬುದೇ ನಮ್ಮ ಇವತ್ತಿನ ವಿನಂತಿ.

ನಮ್ಮದು ಮೊದಲಿನಿಂದಲೂ ಕೈಕೆಲಸದ ಸಮಾಜ. ಈ ಎರೆಭೂಮಿಯಲ್ಲಿ ಹತ್ತಿ ಬೆಳೆಯುತ್ತಿದ್ದಾಗ ನದಾಫರು ಅರಳೆ ಹಿಂಜಿ ಗಾದಿ ಮಾಡುತ್ತಿದ್ದರು. ಕಲಾಯಿಗಾರರು ಓಣಿ ಓಣಿ ತಿರುಗಿ ತಾಮ್ರ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಅತ್ತಾರರು, ಬಾಗವಾನರು, ತಾಂಬೋಳಿಗಳು ಸಂತೆಯಿಂದ ಸಂತೆಗೆ ಹೋಗಿ ಸಂಸಾರ ಸಾಕಿದರು. ರಾಮದುರ್ಗದಲ್ಲಿ ಮಗ್ಗ ಎಷ್ಟೋ ಮನೆಗಳ ಅನ್ನ. ಆಮೇಲೆ ಸ್ಟೀಲ್ ಪಾತ್ರೆ ಬಂತು, ಕಲಾಯಿ ಹೋಯಿತು. ಫೋಮ್ ಗಾದಿ ಬಂತು, ಹಿಂಜುವ ಬಿಲ್ಲು ಗೋಡೆಗೆ ಏರಿತು. ಹಳೆಯ ಕಸುಬು ಕೈಬಿಟ್ಟಾಗ ಹೊಸ ಕಸುಬನ್ನು ಕ್ರಮವಾಗಿ ಕಲಿಸುವ ವ್ಯವಸ್ಥೆ ಮಾತ್ರ ನಮ್ಮ ಓಣಿಗಳಿಗೆ ಬರಲಿಲ್ಲ. 2006ರ ಸಾಚಾರ್ ಸಮಿತಿ ವರದಿಯೂ ಇದನ್ನೇ ಬೇರೆ ಮಾತಿನಲ್ಲಿ ಹೇಳಿತು. ಮುಸ್ಲಿಮರಲ್ಲಿ ಸ್ವಂತ ದುಡಿಮೆಯವರು ಹೆಚ್ಚು, ತಿಂಗಳ ಸಂಬಳದ ಭದ್ರ ನೌಕರಿಯಲ್ಲಿರುವವರು ಕಡಿಮೆ.

ಹದೀಸ್‌ನ ಅಬೂ ದಾವೂದ್ ಸಂಗ್ರಹದಲ್ಲಿ ಬರುವ ಒಂದು ಪ್ರಸಂಗ ನಿಮಗೆಲ್ಲ ಗೊತ್ತು. ಒಬ್ಬ ಅನ್ಸಾರಿ ಪ್ರವಾದಿ ಮುಹಮ್ಮದ್ (ಸ) ಅವರ ಬಳಿ ಸಹಾಯ ಕೇಳಿ ಬಂದ. ಮನೆಯಲ್ಲಿ ಏನಿದೆ ಎಂದು ಅವರು ಕೇಳಿದರು. ಹಾಸಿ ಹೊದೆಯುವ ಒಂದು ಬಟ್ಟೆ, ನೀರು ಕುಡಿಯುವ ಒಂದು ಬಟ್ಟಲು, ಅಷ್ಟೇ. ಅವೆರಡನ್ನೂ ತರಿಸಿ ಸಭೆಯಲ್ಲೇ ಹರಾಜು ಹಾಕಿದರು. ಎರಡು ದಿರ್ಹಮ್ ಬಂತು. ಒಂದರಲ್ಲಿ ಮನೆಗೆ ಊಟದ ಸಾಮಾನು, ಇನ್ನೊಂದರಲ್ಲಿ ಕೊಡಲಿ ತರಲು ಹೇಳಿದರು. ಆ ಕೊಡಲಿಗೆ ತಮ್ಮ ಕೈಯಿಂದಲೇ ಕಾವು ಹಾಕಿ ಕೊಟ್ಟು, ಕಟ್ಟಿಗೆ ಕಡಿದು ಮಾರು, ಹದಿನೈದು ದಿನ ನನ್ನ ಕಣ್ಣಿಗೆ ಬೀಳಬೇಡ ಎಂದರು. ಅವನು ಮರಳಿ ಬಂದಾಗ ಅವನ ಕೈಯಲ್ಲಿ ಹತ್ತು ದಿರ್ಹಮ್ ಇತ್ತು.

ಈ ಪ್ರಸಂಗವನ್ನು ಶಿಕ್ಷಕರ ಕಣ್ಣಿನಿಂದ ನೋಡೋಣ. ಮೊದಲು ಮನೆಯವರ ಹೊಟ್ಟೆ ನೋಡಿದರು. ಆಮೇಲೆ ಸಲಕರಣೆ ಕೊಡಿಸಿದರು. ಅದನ್ನು ಕೆಲಸಕ್ಕೆ ಸಜ್ಜು ಮಾಡಿಕೊಟ್ಟರು. ಅವಧಿ ಗೊತ್ತುಮಾಡಿದರು. ಮರಳಿ ಬಂದಾಗ ದುಡಿಮೆಯ ಫಲ ನೋಡಿದರು. ಯುವಕರಿಗೆ ಮಾಡುವ ಸಹಾಯಕ್ಕೆ ಇದಕ್ಕಿಂತ ಒಳ್ಳೆಯ ಪಾಠಯೋಜನೆ ಬೇಕಿಲ್ಲ. ನಮ್ಮ ನೆಲಕ್ಕೂ ಈ ಮಾತು ಹೊಸದಲ್ಲ. ಬಸವಣ್ಣನವರ ಪತ್ನಿ ಗಂಗಾಂಬಿಕೆಯವರ ಐಕ್ಯಸ್ಥಳ ಇದೇ ಎಂ.ಕೆ. ಹುಬ್ಬಳ್ಳಿಯ ಮಲಪ್ರಭೆಯ ದಂಡೆಯಲ್ಲಿದೆ. ಯಾವ ಕೆಲಸವೂ ಕೀಳಲ್ಲ ಎನ್ನುವ ಕಾಯಕದ ತತ್ವವನ್ನು ಕೇಳುತ್ತ ಬೆಳೆದವರು ನಾವು.

ಈ ಪಾಠಯೋಜನೆ ನಮ್ಮ ರಾಜ್ಯದಲ್ಲಿ ನಡೆದು ತೋರಿಸಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಹಳ್ಳಿಯ ನಿರುದ್ಯೋಗಿ ಯುವಕರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ. ಜಾತಿ, ಧರ್ಮ ಕೇಳುವುದಿಲ್ಲ. ಅಲ್ಲಿ ಕಸುಬಿನ ಜೊತೆಗೇ ನಡವಳಿಕೆ, ಆತ್ಮವಿಶ್ವಾಸ, ಸಮಯಪಾಲನೆ ಕಲಿಸುತ್ತಾರೆ. ಲೆಕ್ಕ ಬರೆಯುವುದು, ಗಿರಾಕಿಯೊಡನೆ ಮಾತಾಡುವುದು, ಬ್ಯಾಂಕ್ ಸಾಲದ ಕಾಗದ ತುಂಬುವುದು ಕಲಿಸುತ್ತಾರೆ. ತರಬೇತಿ ಮುಗಿದ ಮೇಲೂ ಸುಮಾರು ಎರಡು ವರ್ಷ ಅಭ್ಯರ್ಥಿಯ ಬೆನ್ನಿಗೆ ನಿಲ್ಲುತ್ತಾರೆ. ಈ ಕ್ರಮ ಫಲ ಕೊಟ್ಟದ್ದನ್ನು ನೋಡಿ ಕೇಂದ್ರ ಸರ್ಕಾರ 2009ರಲ್ಲಿ ಜಿಲ್ಲೆಗೊಂದರಂತೆ ಆರ್‌ಸೆಟಿ ಸಂಸ್ಥೆ ತೆರೆಯಲು ಬ್ಯಾಂಕುಗಳಿಗೆ ಹೇಳಿತು. ನಮಗೆ ಧಾರವಾಡದ ರುಡ್‌ಸೆಟ್ ಸಂಸ್ಥೆ ದೂರವಲ್ಲ, ಹಳಿಯಾಳದ ಆರ್‌ಸೆಟಿಯೂ ದೂರವಲ್ಲ. ಮೊಬೈಲ್ ರಿಪೇರಿ, ಮೋಟಾರು ರಿವೈಂಡಿಂಗ್, ದ್ವಿಚಕ್ರ ವಾಹನ ದುರಸ್ತಿ, ಹೊಲಿಗೆ, ಹೈನುಗಾರಿಕೆಯಂಥ ತರಬೇತಿಗಳಿಗೆ ಖರ್ಚಿಲ್ಲ. ಅಷ್ಟು ದಿನ ಮಗ ಮನೆಗೆ ದುಡಿದು ಹಾಕುವುದು ನಿಲ್ಲುತ್ತದೆ ಎಂಬ ಭಯವೇ ತಂದೆಗೆ ಅಡ್ಡಿ. ಆ ದಿನಗಳ ಮನೆಖರ್ಚಿಗೆ ಟ್ರಸ್ಟು ಆಸರೆಯಾದರೆ ಅದೂ ವಿದ್ಯಾರ್ಥಿವೇತನವೇ.

ಇನ್ನು ಉಸ್ತಾದರ ಹತ್ತಿರ ಕಲಿಯುವ ಹುಡುಗರ ಮಾತು. ಇದರಲ್ಲಿ ಆಫ್ರಿಕಾದ ನೈಜೀರಿಯಾ ದೇಶದಿಂದ ಕಲಿಯುವುದಿದೆ. ಅಲ್ಲಿಯ ಇಗ್ಬೋ ಸಮುದಾಯದಲ್ಲಿ ಹುಡುಗ ಒಬ್ಬ ವ್ಯಾಪಾರಿಯ ಬಳಿ ಕೆಲವು ವರ್ಷ ಇದ್ದು ಕೆಲಸ ಕಲಿಯುತ್ತಾನೆ. ಊಟ, ವಸತಿ ಯಜಮಾನನದು. ಅವಧಿ ಮುಗಿದಾಗ ಯಜಮಾನ ಅವನಿಗೆ ಬಂಡವಾಳ ಕೊಟ್ಟು ಬೇರೆ ಅಂಗಡಿ ಹಾಕಿಸಿಕೊಡಬೇಕು. 1967ರಿಂದ 1970ರವರೆಗಿನ ಅಂತರ್ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ ಆ ಜನ ಮತ್ತೆ ತಲೆ ಎತ್ತಿ ನಿಲ್ಲಲು ಈ ಪದ್ಧತಿ ದೊಡ್ಡ ಆಸರೆಯಾಯಿತು. ಅದರ ಕೊರತೆಯೂ ಇದೆ. ಕರಾರು ಬಾಯಿಮಾತಿನದಾದ್ದರಿಂದ ಕೊನೆಯ ವರ್ಷದಲ್ಲಿ ನೆಪ ಹೇಳಿ ಬರಿಗೈಲಿ ಕಳಿಸುವ ಯಜಮಾನರೂ ಇದ್ದಾರೆ.

ನಮ್ಮ ಗ್ಯಾರೇಜುಗಳಲ್ಲಿ ಉಸ್ತಾದ್–ಶಾಗಿರ್ದ್ ಪದ್ಧತಿ ಇದೆ, ಪ್ರೀತಿಯೂ ಇದೆ. ಆದರೆ ಕಲಿತದ್ದಕ್ಕೆ ಕಾಗದವಿಲ್ಲ, ಕೊನೆಗೆ ಬಂಡವಾಳವೂ ಇಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಪಂಪ್‌ಸೆಟ್ಟಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆಯೋ ವೈಂಡಿಂಗ್ ಸುಟ್ಟಿದೆಯೋ ಹೇಳಬಲ್ಲ. ಆದರೂ ಒಂದು ಕಾರ್ಖಾನೆಯ ಗೇಟಿನಲ್ಲಿ ಅವನನ್ನು ಕೇಳಿದ್ದು ಐಟಿಐ ಸರ್ಟಿಫಿಕೇಟ್ ಎಲ್ಲಿ ಎಂಬ ಒಂದೇ ಪ್ರಶ್ನೆ. ಕಿತ್ತೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯ ಮೇಲೇ ಬೇಲೂರು ಕೈಗಾರಿಕಾ ಪ್ರದೇಶವಿದೆ. ಇತ್ತ ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಮಷಿನ್ ಶಾಪುಗಳಿವೆ. ಎರಡರ ನಡುವೆ ನಮ್ಮೂರು. ಕೆಲಸ ಹತ್ತಿರದಲ್ಲಿದೆ, ಗೇಟಿನಲ್ಲಿ ತೋರಿಸುವ ಕಾಗದ ನಮ್ಮ ಹುಡುಗರ ಕೈಯಲ್ಲಿಲ್ಲ.

ಆ ಕಾಗದಕ್ಕೆ ದಾರಿಗಳಿವೆ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಐಟಿಐ ಇದೆ. ಫಿಟ್ಟರ್, ಇಲೆಕ್ಟ್ರಿಷಿಯನ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಅದು ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯಿದೆಯಡಿ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಪಡೆಯುತ್ತ ಕಲಿಯಬಹುದು. ಗಣಿತದಲ್ಲಿ ಆಸಕ್ತಿ ಇರುವವರಿಗೆ ಬೆಳಗಾವಿಯ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಈಗಾಗಲೇ ಕೆಲಸ ಬಲ್ಲವರ ಕುಶಲತೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಮಾಡಿದ್ದಾರೆ. 1986ರಲ್ಲಿ ಸ್ಥಾಪನೆಯಾದ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ಓದಿಗೆ ‘ಅರಿವು’, ಕುಶಲಕರ್ಮಿಗಳಿಗೆ ‘ಶ್ರಮಶಕ್ತಿ’ ಸಾಲ ಯೋಜನೆಗಳಿವೆ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಹೊಲಿಗೆ ಮಷಿನ್ ಹಂಚುವುದು ಒಳ್ಳೆಯ ಕೆಲಸ. ಆದರೆ ಕಟಿಂಗ್ ಕಲಿಸದೆ, ದರ ಹೇಳುವುದು ಕಲಿಸದೆ ಮಷಿನ್ ಕೊಟ್ಟರೆ ಆಕೆ ಬೇರೆಯವರು ಕತ್ತರಿಸಿ ಕೊಟ್ಟದ್ದನ್ನು ಪೀಸಿಗೆ ಇಷ್ಟು ಎಂದು ಹೊಲಿಯುತ್ತಲೇ ಉಳಿಯುತ್ತಾಳೆ. ಕಾವಿಲ್ಲದ ಕೊಡಲಿ ಅದು. ಐಟಿಐನಲ್ಲಿ ಹೊಲಿಗೆ ತಂತ್ರಜ್ಞಾನವಿದೆ, ಒಂದು ವರ್ಷದ ಕಂಪ್ಯೂಟರ್ ಕೋಪಾ ಇದೆ, ಐಟಿಐ ಆಚೆಗೆ ನರ್ಸಿಂಗ್ ಇದೆ. ಹೋಗಿ ಬರಲು ಸುರಕ್ಷಿತ ವ್ಯವಸ್ಥೆಯಾದರೆ ನಮ್ಮ ತಾಯಂದಿರು ಮಗಳನ್ನು ತಡೆಯುವುದಿಲ್ಲ ಎಂಬುದು ನಾವು ಕಂಡ ಸತ್ಯ.

ಯುವಕರೆ, ಈಗ ನಿಮ್ಮ ಪಾಲಿನ ಮಾತು. ಸರ್ಟಿಫಿಕೇಟ್ ಗೇಟಿನೊಳಗೆ ಬಿಡಿಸುತ್ತದೆ, ಒಳಗೆ ಉಳಿಸುವುದು ನಿಮ್ಮ ಶೀಲ. ಹಳೆಯ ಸಾಮಾನು ಹಾಕಿ ಹೊಸದರ ಬಿಲ್ಲು ಬರೆಯದಿರುವುದು, ನಾಳೆ ಕೊಡುತ್ತೇನೆ ಎಂದರೆ ನಾಳೆಯೇ ಕೊಡುವುದು, ಗಿರಾಕಿಯ ಗಾಡಿಯನ್ನು ಅಮಾನತ್ ಎಂದು ನೋಡುವುದು. ಗುಟ್ಕಾ, ಮೊಬೈಲಿನ ಜೂಜಿನಿಂದ ದೂರವಿರಿ. ತಿಂಗಳ ದುಡಿಮೆಯನ್ನು ಒಂದೇ ರಾತ್ರಿಯಲ್ಲಿ ಕಳೆಯುವ ಆಟ ಅದು.

ಪಾಲಕರಿಗೆ ನಾಲ್ಕು ಸೂಚನೆ.

1. ಹತ್ತನೆಯ ತರಗತಿ ಮುಗಿಯುವ ತನಕ ಮಗುವನ್ನು ಶಾಲೆ ಬಿಡಿಸಬೇಡಿ. 14 ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಇಡುವುದು ಕಾನೂನಿಗೂ ವಿರುದ್ಧ.

2. ಶಾಲೆಯ ದಾಖಲೆ, ಆಧಾರ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರು ಒಂದೇ ರೀತಿ ಇರಲಿ. ಒಂದರಲ್ಲಿ ಮಹ್ಮದ, ಇನ್ನೊಂದರಲ್ಲಿ ಮೊಹಮ್ಮದ್ ಎಂದಿದ್ದರೆ ವಿದ್ಯಾರ್ಥಿವೇತನ ಅಲ್ಲೇ ನಿಲ್ಲುತ್ತದೆ. ಫಲಿತಾಂಶ ಬರುವ ಮೊದಲೇ ತಿದ್ದಿಸಿ.

3. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮುಂಚೆಯೇ ಪಡೆಯಿರಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಮಾಡಿಸಿ.

4. ಪ್ರಾಯಕ್ಕೆ ಬಂದ ಮಗನನ್ನು ಉಸ್ತಾದರ ಬಳಿ ಬಿಡುವುದಾದರೆ ಎಷ್ಟು ವರ್ಷ, ಏನು ಕಲಿಸುತ್ತಾರೆ, ಕೊನೆಗೆ ಏನು ಕೊಡುತ್ತಾರೆ ಎಂಬುದನ್ನು ಜಮಾತಿನ ಇಬ್ಬರು ಹಿರಿಯರ ಮುಂದೆ ಬರೆಸಿಕೊಳ್ಳಿ.

ಕೊನೆಯದಾಗಿ ದಾನಿಗಳಿಗೆ. ವೈದ್ಯರಾಗುವ ಮಗುವಿಗೆ ಕೊಡುವುದನ್ನು ಕಡಿಮೆ ಮಾಡಿ ಎಂದು ನಾವು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಐಟಿಐ ಹುಡುಗನ ಬಸ್ ಪಾಸು, ತರಬೇತಿಗೆ ಹೋದವನ ಮನೆಯ ರೇಷನ್, ಕೆಲಸ ಕಲಿತವನ ಮೊದಲ ಟೂಲ್ ಕಿಟ್ಟು, ಇವಕ್ಕೂ ಒಂದು ಪಾಲು ಇಡಿ. ಜಕಾತಿನ ಹಣವನ್ನು ಇದರಲ್ಲಿ ಹೇಗೆ ಬಳಸಬಹುದು ಎಂಬುದನ್ನು ಉಲಮಾಗಳನ್ನು ಕೇಳಿಯೇ ನಡೆಯೋಣ. ಇಂಥ ಒಬ್ಬ ಹುಡುಗನಿಗೆ ನೀವು ಸಹಾಯ ಮಾಡಿದರೆ ವರ್ಷ ಕಳೆದ ಮೇಲೆ ಅವನನ್ನು ಕರೆದು ಎಷ್ಟು ದುಡಿದೆ ಎಂದು ಕೇಳಿ. ಹಾಗೆ ಕೇಳುವವರೊಬ್ಬರು ಇದ್ದಾರೆ ಎಂದು ಗೊತ್ತಾದರೆ ಹುಡುಗ ದಾರಿ ತಪ್ಪುವುದು ಕಡಿಮೆ. ಇವತ್ತು ಪಡೆಯುವ ಕೈ ಮುಂದೆ ಕೊಡುವ ಕೈಯಾಗಿ ಇದೇ ಸಭೆಗೆ ಬರಲಿ.

ಅಲ್ಲಾಹನು ನಮ್ಮ ಮಕ್ಕಳ ಓದಿನಲ್ಲಿ, ದುಡಿಮೆಯಲ್ಲಿ ಬರಕತ್ ಕೊಡಲಿ. ಕೊಡುವವರ ಮನೆಯನ್ನು ತುಂಬಿರಿಸಲಿ. ಆಮೀನ್.