ಅಜವಾನದ ಎಣ್ಣೆಯ ಗುಣವೂ ಬೆಳೆಗಾರನ ಲಾಭವೂ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ರೈತರ ಸಭೆಗಳಲ್ಲಿ ಕೃಷಿ ಇನ್‌ಸ್ಪೆಕ್ಟರರು ಮಾಡಿದ ಭಾಷಣ)



ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಉಬ್ಬರಿಸಿದರೆ ಹಿರಿಯರು ಮೊದಲು ಹುಡುಕುವುದು ಅಜವಾನದ ಡಬ್ಬಿಯನ್ನು. ಮೈಸೂರು ಸೀಮೆಯವರು ಇದನ್ನು ಓಮವೆಂದೂ, ನಮ್ಮ ಗಡಿಯ ಮರಾಠಿ ಮಾತಿನವರು ಓವಾ ಎಂದೂ ಕರೆಯುವರು. ಈ ಕಾಳಿನ ನಿಜವಾದ ಬೆಲೆಯಿರುವುದು ತೂಕದಲ್ಲಲ್ಲ, ಒಳಗಿನ ಎಣ್ಣೆಯಲ್ಲಿ. ಈ ಒಂದು ಸಂಗತಿಯನ್ನು ತಮ್ಮ ಮನಸ್ಸಿಗೆ ತರುವುದೇ ಈ ದಿನದ ನನ್ನ ಉದ್ದೇಶ.

ಈ ಎಣ್ಣೆಯು ಕುಸುಬಿ, ಶೇಂಗಾಗಳ ಎಣ್ಣೆಯಂತೆ ಗಾಣದಿಂದ ತೆಗೆಯುವಂಥದಲ್ಲ, ಗಾಳಿಗೆ ಹಾರಿಹೋಗುವಂಥದು. ಜಜ್ಜಿದ ಕಾಳಿನಲ್ಲಿ ಉಗಿಯನ್ನು ಹಾಯಿಸಿ ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುವುದು. 100 ಕಿಲೊ ಒಳ್ಳೆಯ ಕಾಳಿನಿಂದ ಸಾಮಾನ್ಯವಾಗಿ 2ರಿಂದ 4 ಕಿಲೊ ಎಣ್ಣೆ ದೊರೆಯುವುದು. ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು, ಕೆಲವು ವೇಳೆ ಅರ್ಧಕ್ಕೂ ಮಿಕ್ಕಿ, ಥೈಮಾಲ್ ಎಂಬ ದ್ರವ್ಯವಿರುತ್ತದೆ. ಉಳಿದುದು ಹೆಚ್ಚಾಗಿ ಪ್ಯಾರಾ ಸೈಮೀನ್, ಗ್ಯಾಮಾ ಟರ್ಪಿನೀನ್ ಎಂಬವು. ಎಣ್ಣೆಯನ್ನು ತಣ್ಣಗಿಟ್ಟರೆ ಥೈಮಾಲ್ ಹರಳುಗಟ್ಟುವುದು. ಪೇಟೆಯಲ್ಲಿ 'ಅಜವಾನದ ಹೂವು' ಎಂದು ಮಾರುವುದು ಇದನ್ನೇ.

ಥೈಮಾಲ್ ಎಂಬ ಹೆಸರು ಯುರೋಪಿನ ಥೈಮ್ ಎಂಬ ಗಿಡದಿಂದ ಬಂದುದು. 1719ರಲ್ಲಿ ನಾಯ್ಮನ್ ಎಂಬ ಜರ್ಮನ್ ರಸಾಯನಜ್ಞನು ಆ ಗಿಡದ ಎಣ್ಣೆಯಲ್ಲಿ ಈ ಹರಳನ್ನು ಕಂಡನು. ಥೈಮ್ ತುಲಸಿಯ ಕುಲದ್ದು, ಅಜವಾನ ಕೊತ್ತಂಬರಿಯ ಕುಲದ್ದು. ಕುಲ ಬೇರೆಯಾದರೂ ದ್ರವ್ಯ ಒಂದೇ.

ಇದು ಕೆಲಸ ಮಾಡುವ ಬಗೆ ಹೀಗೆ: ಸೂಕ್ಷ್ಮಜೀವಿಯ ಮೈಸುತ್ತಿನ ಪೊರೆಯನ್ನು ಥೈಮಾಲ್ ಹೊಕ್ಕು ಸಡಿಲಿಸುವುದು, ಒಡ್ಡು ಒಡೆದ ಹೊಲದಿಂದ ನೀರು ಹರಿದುಹೋಗುವಂತೆ ಒಳಗಿನ ಸತ್ವ ಸೋರಿ ಆ ಜೀವಿ ಸಾಯುವುದು. ಆದುದರಿಂದಲೇ ಬಾಯಿ ಮುಕ್ಕಳಿಸುವ ಔಷಧಗಳಲ್ಲಿಯೂ, ಜೇನುಹುಳುಗಳನ್ನು ಪೀಡಿಸುವ ವರೋವಾ ನುಸಿಯ ನಿವಾರಣೆಗೂ ಇದು ಬಳಕೆಯಲ್ಲಿದೆ. ಆದರೆ ಬಲವಾದುದು ಸುಡುವುದೂ ಉಂಟು. ಅಡಿಗೆಯ ಚಿಟಿಕೆ ಕಾಳು ಬೇರೆ, ಭಟ್ಟಿಯ ಎಣ್ಣೆ ಬೇರೆ. ಎಣ್ಣೆಯನ್ನಾಗಲಿ ಹರಳನ್ನಾಗಲಿ ವೈದ್ಯರ ಮಾತಿಲ್ಲದೆ ಯಾರೂ ಸೇವಿಸಕೂಡದು. ಮಕ್ಕಳ ಕೈಗೆ ಎಟುಕದಂತೆ ಇಡತಕ್ಕದ್ದು. ಇನ್ನೊಂದು ಮಾತು: ಪ್ರಯೋಗಶಾಲೆಯ ಬಟ್ಟಲಲ್ಲಿ ಬೂಷ್ಟು ಸತ್ತಿತೆಂದು ಅಥಣಿಯ ದ್ರಾಕ್ಷಿ ತೋಟದ ಬೂದಿರೋಗವೂ ಹೋಗುವುದೆಂದು ನಂಬಬೇಡಿರಿ. ಬಿಸಿಲಿಗೂ ಗಾಳಿಗೂ ಎಣ್ಣೆ ಬೇಗನೆ ಹಾರುವುದು. ಹೆಚ್ಚಾದರೆ ಎಲೆಯನ್ನೇ ಸುಡುವುದು.

ಈಗ ಲಾಭದ ವಿಚಾರ. 1914ರ ಮಹಾಯುದ್ಧಕ್ಕೆ ಮುಂಚೆ ನಮ್ಮ ದೇಶದ ಅಜವಾನ ಕಾಳು ಹಡಗೇರಿ ಜರ್ಮನಿಗೆ ಹೋಗುತ್ತಿತ್ತು. ಥೈಮಾಲ್ ಅಲ್ಲಿ ತಯಾರಾಗುತ್ತಿತ್ತು. ಆಗ ಅದು ಕೊಕ್ಕೆಹುಳುವಿನ ಮುಖ್ಯ ಔಷಧ. ಯುದ್ಧದಿಂದ ವ್ಯಾಪಾರ ನಿಂತು ಥೈಮಾಲಿನ ಬೆಲೆ ಏರಿದ ಮೇಲೆಯೇ ಇಲ್ಲಿ ಭಟ್ಟಿಯಿಳಿಸುವ ಪ್ರಯತ್ನಗಳು ಬಲಗೊಂಡವು. ಕಾಳು ನಮ್ಮದು, ಬೆಲೆ ಪರರದು ಎಂಬ ಸ್ಥಿತಿಯ ಕಹಿ ನಿಪ್ಪಾಣಿಯವರಿಗೆ ಹೇಳಿಕೊಡಬೇಕಾದುದಲ್ಲ. 1981ರಲ್ಲಿ ತಂಬಾಕಿನ ಬೆಲೆಗಾಗಿ ಬೆಳೆಗಾರರು ಹೆದ್ದಾರಿಗೆ ಇಳಿದುದೂ, ಗೋಲೀಬಾರಿನಲ್ಲಿ ಪ್ರಾಣಗಳು ಹೋದುದೂ ಹಿರಿಯರಿಗೆ ನೆನಪುಂಟು.

ಆದರೂ ಅಜವಾನವನ್ನು ಬಂಗಾರದ ಬೆಳೆಯೆಂದು ನಾನು ಹೇಳಲಾರೆ. ಈಗ ಕಾರ್ಖಾನೆಗಳು ಮೆಟಾ ಕ್ರೆಸಾಲ್ ಎಂಬ ದ್ರವ್ಯದಿಂದಲೂ ಥೈಮಾಲನ್ನು ಮಾಡುತ್ತವೆ. ಆದಕಾರಣ ಕೊಳ್ಳುವವರನ್ನು ಗೊತ್ತುಮಾಡಿಕೊಂಡು, ಹಿಂಗಾರಿಯಲ್ಲಿ ನೀರು ನಿಲ್ಲದ ಹೊಲದ ಒಂದು ಮೂಲೆಯಲ್ಲಿ ಮಾತ್ರ ಮೊದಲು ಬಿತ್ತಿ ನೋಡತಕ್ಕದ್ದು.

ಬೆಳೆದವರು ಈ ನಾಲ್ಕು ನಿಯಮಗಳನ್ನು ಪಾಲಿಸಬೇಕು. ಕೊಡೆಯಂಥ ಗೊಂಚಲು ಕಂದು ಬಣ್ಣಕ್ಕೆ ತಿರುಗಿದೊಡನೆ ಕೊಯ್ಯಿರಿ. ನೆರಳಿನಲ್ಲಿ ತೆಳ್ಳಗೆ ಹರಡಿ ಒಣಗಿಸಿರಿ. ಕಾಳನ್ನು ಒಡೆಯದೆ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ತಂಪಾದ ಜಾಗದಲ್ಲಿಡಿರಿ. ಹಳೆಯ ಕಾಳನ್ನು ಹೊಸದರೊಡನೆ ಬೆರೆಸಬೇಡಿರಿ. ಮಾರುವ ಮುನ್ನ ಚಿಟಿಕೆ ಕಾಳನ್ನು ಅಂಗೈಯಲ್ಲಿ ತಿಕ್ಕಿ ಮೂಸಿರಿ. ಘಾಟು ಮೂಗಿಗೆ ಏರಿದರೆ ತಮ್ಮ ಕೈಯಲ್ಲಿ ಬೆಲೆಯುಂಟು. ಏರದಿದ್ದರೆ ಅದು ಆಗಲೇ ಗಾಳಿಗೆ ಹೋಗಿದೆ.